ದಿನವೂ ಉಜ್ಜಿದರೂ ಹುಳುಕು, ವಸಡಿನಲ್ಲಿ ರಕ್ತ ಏಕೆ? ಬಾಯಿಯ ಆರೈಕೆಗೆ ಹಂತಹಂತದ ಸಮಗ್ರ ಮಾರ್ಗದರ್ಶಿ

"ದಿನಕ್ಕೆ ಎರಡು ಸಲ ಹಲ್ಲುಜ್ಜುತ್ತೇನೆ, ಆದರೂ ವಸಡಿನಲ್ಲಿ ರಕ್ತ ನಿಲ್ಲುತ್ತಿಲ್ಲ" ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರು ಉಜ್ಜುವುದು ನಿಜ. ಆದರೆ ಬ್ರಷ್ ಓಡಾಡುವುದು ಹಲ್ಲಿನ ನಡುಭಾಗದಲ್ಲಿ, ನಾಲಿಗೆ ಮತ್ತು ಕೆನ್ನೆ ತಾಗಿ ಹೇಗೂ ಅಷ್ಟಿಷ್ಟು ಶುಚಿಯಾಗುವ ಜಾಗದಲ್ಲಿ. ಕಾಯಿಲೆ ಹುಟ್ಟುವುದು ಬೇರೆ ಮೂರು ಕಡೆ: ಹಲ್ಲು ವಸಡಿಗೆ ಸೇರುವ ಅಂಚು, ಎರಡು ಹಲ್ಲುಗಳ ನಡುವಿನ ಸಂದು, ದವಡೆ ಹಲ್ಲಿನ ಮೇಲಿರುವ ಸಣ್ಣ ಗೀರುಗಳು. ಈ ಮೂರೂ ಕಡೆ ಬ್ರಷ್ ತಾನಾಗಿ ಹೋಗುವುದಿಲ್ಲ, ನಾವೇ ಕರೆದೊಯ್ಯಬೇಕು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ರಕ್ತ ಕಂಡ ಕೂಡಲೇ "ವಸಡು ನಾಜೂಕಾಗಿದೆ, ಮುಟ್ಟಬಾರದು" ಎಂದು ಆ ಜಾಗವನ್ನು ಬಿಟ್ಟು ಉಜ್ಜುತ್ತಾರೆ. ಪಾಚಿ, ಅಂದರೆ ಹಲ್ಲಿಗೆ ಅಂಟುವ ಬ್ಯಾಕ್ಟೀರಿಯಾದ ಮೆತ್ತನೆ ಪದರ (ಪ್ಲಾಕ್), ಅಲ್ಲೇ ಬೆಳೆಯುತ್ತದೆ, ರಕ್ತ ಹೆಚ್ಚುತ್ತದೆ, ಭಯವೂ ಹೆಚ್ಚುತ್ತದೆ. ಈ ಸುತ್ತಿನಿಂದ ಹೊರಬರುವ ದಾರಿ ಕೆಳಗಿನ ಹಂತಗಳಲ್ಲಿದೆ. ಮೊದಲ ನಾಲ್ಕನ್ನು ಇದೇ ಕ್ರಮದಲ್ಲಿ ಮಾಡಿ. ಉಳಿದವನ್ನು ನಿಮ್ಮ ತೊಂದರೆಗೆ ತಕ್ಕಂತೆ ಓದಿಕೊಳ್ಳಬಹುದು. ಕೊನೆಯ ಹಂತವನ್ನು ಮಾತ್ರ ಎಲ್ಲರೂ ಈಗಲೇ ಓದಿಟ್ಟುಕೊಳ್ಳಿ. ಅದರ ಅಗತ್ಯ ಬಿದ್ದ ದಿನ ಓದಲು ಪುರುಸೊತ್ತು ಇರುವುದಿಲ್ಲ.

## ಹಂತ 1: ಕನ್ನಡಿ ಹಿಡಿದು ಹತ್ತು ನಿಮಿಷ ನೋಡಿಕೊಳ್ಳಿ

ಕನ್ನಡಿ, ಮೊಬೈಲ್ ಟಾರ್ಚ್, ಒಣಗಿದ ಶುಚಿಯಾದ ಬಟ್ಟೆ ಇದ್ದರೆ ಸಾಕು. ಕೈ ತೊಳೆದು, ತುಟಿ ಎತ್ತಿ, ಒಂದು ಬದಿಯಿಂದ ಶುರುಮಾಡಿ ಇನ್ನೊಂದು ಬದಿಯವರೆಗೆ ನೋಡುತ್ತಾ ಹೋಗಿ.

ವಸಡು: ಆರೋಗ್ಯವಾದ ವಸಡು ಗಟ್ಟಿಯಾಗಿ ಹಲ್ಲಿಗೆ ಅಂಟಿಕೊಂಡಿರುತ್ತದೆ, ಎರಡು ಹಲ್ಲುಗಳ ನಡುವೆ ಚೂಪಾಗಿ ಮುಗಿಯುತ್ತದೆ. ಬಣ್ಣ ನಸುಗೆಂಪು ಇರಬಹುದು, ಮೈಬಣ್ಣಕ್ಕೆ ತಕ್ಕಂತೆ ಕಂದು ಅಥವಾ ಕಪ್ಪು ಮಚ್ಚೆಗಳೂ ಇರಬಹುದು. ಹುಟ್ಟಿನಿಂದ ಬಂದ ಕಪ್ಪು ಬಣ್ಣ ಕಾಯಿಲೆಯಲ್ಲ. ಅಂಚು ಕೆಂಪಾಗಿ, ಉಬ್ಬಿ, ಹೊಳೆಯುತ್ತಿದ್ದರೆ ಅದು ಉರಿಯೂತ.

ಹಲ್ಲು: ಬಟ್ಟೆಯಿಂದ ಒರೆಸಿ ಒಣಗಿಸಿ ನೋಡಿ. ಒದ್ದೆ ಹಲ್ಲಿನಲ್ಲಿ ಕಾಣದ ಸುಣ್ಣದಂಥ ಬಿಳಿ ಕಲೆ ಒಣಗಿದಾಗ ಕಾಣುತ್ತದೆ. ವಸಡಿನ ಅಂಚಿನ ಉದ್ದಕ್ಕೂ ಅಂಥ ಮಂಕು ಬಿಳಿ ಪಟ್ಟಿ ಇದ್ದರೆ ಅದು ಹುಳುಕಿನ ಮೊದಲ ಗುರುತು. ಈ ಹೊತ್ತಿನಲ್ಲಿ ಹಿಡಿದರೆ ಕೊರೆಯದೆ ಸರಿಪಡಿಸಬಹುದು.

ಟಾರ್ಟರ್: ಪಾಚಿ ಗಟ್ಟಿಯಾಗಿ ಕಲ್ಲಿನಂತಾದದ್ದನ್ನು ಟಾರ್ಟರ್ ಎನ್ನುತ್ತಾರೆ. ಇದು ಮೊದಲು ಕಟ್ಟಿಕೊಳ್ಳುವುದು ಕೆಳಗಿನ ಮುಂದಿನ ಹಲ್ಲುಗಳ ಒಳಬದಿಯಲ್ಲಿ, ಮೇಲಿನ ದವಡೆ ಹಲ್ಲುಗಳ ಕೆನ್ನೆಯ ಬದಿಯಲ್ಲಿ. ಎರಡೂ ಕಡೆ ಹತ್ತಿರದಲ್ಲೇ ಜೊಲ್ಲುಗ್ರಂಥಿಯ ಬಾಯಿ ತೆರೆದುಕೊಳ್ಳುತ್ತದೆ. ಜೊಲ್ಲಿನಲ್ಲಿರುವ ಖನಿಜವೇ ಪಾಚಿಯನ್ನು ಕಲ್ಲಾಗಿಸುತ್ತದೆ. ನಾಲಿಗೆ ತುದಿಗೆ ಒರಟಾಗಿ ತಾಗಿದರೆ ಟಾರ್ಟರ್ ಇದೆ ಎಂದೇ ತಿಳಿಯಿರಿ. ಇದು ಯಾವ ಬ್ರಷ್ಷಿಗೂ ಬರುವುದಿಲ್ಲ. ಸೂಜಿ, ಪಿನ್ನು ಹಾಕಿ ಕೆರೆಯಬೇಡಿ.

ಮೆತ್ತನೆ ಭಾಗ: ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಎರಡೂ ಬದಿಗೆ ಎಳೆದು ನೋಡಿ. ನಾಲಿಗೆಯ ಅಡಿ, ಕೆನ್ನೆಯ ಒಳಗೆ, ತುಟಿಯ ಒಳಗೆ ನೋಡಿ. ಬಿಳಿ ಪಟ್ಟೆ, ಕೆಂಪು ಮಚ್ಚೆ, ಗಂಟು, ಹುಣ್ಣು ಏನೇ ಕಂಡರೂ ಫೋಟೊ ತೆಗೆದು ತಾರೀಖು ಬರೆದಿಡಿ. ಮುಂದೆ ಲೆಕ್ಕ ಶುರುವಾಗುವುದು ಆ ತಾರೀಖಿನಿಂದ.

## ಹಂತ 2: ಬೇಕಾದ ಸಾಮಾನು

ಬ್ರಷ್ ಮೆತ್ತನೆಯದು, ತಲೆ ಚಿಕ್ಕದು. ಕೊನೆಯ ದವಡೆ ಹಲ್ಲಿನ ಹಿಂದೆ ತಿರುಗಬೇಕಾದರೆ ತಲೆ ಚಿಕ್ಕದಿರಲೇಬೇಕು. ಗಟ್ಟಿ ಎಳೆಯ ಬ್ರಷ್ ಚೆನ್ನಾಗಿ ತೊಳೆಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಪಾಚಿ ಮೆತ್ತಗಿರುತ್ತದೆ, ತಾಗಿದರೆ ಬಿಟ್ಟುಬರುತ್ತದೆ. ಗಟ್ಟಿ ಬ್ರಷ್ ವಸಡನ್ನು ಕೆಳಕ್ಕೆ ತಳ್ಳಿ ಬೇರನ್ನು ಬಯಲು ಮಾಡುತ್ತದೆ. ಮೂರು ತಿಂಗಳಿಗೊಮ್ಮೆ ಬದಲಿಸಿ. ಅದಕ್ಕೂ ಮೊದಲೇ ಎಳೆಗಳು ಹೊರಕ್ಕೆ ಬಾಗಿದರೆ ನೀವು ಅತಿಯಾಗಿ ಒತ್ತುತ್ತಿದ್ದೀರಿ.

ಪೇಸ್ಟಿನಲ್ಲಿ ನೋಡಬೇಕಾದ್ದು ಹುಳುಕು ತಡೆಯುವ ಫ್ಲೋರೈಡ್ ಒಂದೇ. ಟ್ಯೂಬಿನ ಹಿಂದೆ 1000ದಿಂದ 1500 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಭಾಗ) ಎಂದಿರಬೇಕು. ಬಣ್ಣ, ನೊರೆ, ಖಾರ, ಸುವಾಸನೆ ಇವು ಯಾವುವೂ ಹುಳುಕು ತಡೆಯುವುದಿಲ್ಲ. ಇದ್ದಿಲು ಪುಡಿ, ಹರಳುಪ್ಪು, ಇಟ್ಟಿಗೆ ಪುಡಿ, ನಿಂಬೆರಸ ಹಚ್ಚಿ ಉಜ್ಜಿದರೆ ಹಲ್ಲು ಕೆಲವು ದಿನ ಬೆಳ್ಳಗೆ ಕಾಣಬಹುದು. ಆದರೆ ಸವೆಯುತ್ತಿರುವುದು ಎನಾಮೆಲ್, ಹಲ್ಲಿನ ಹೊರಗಿನ ಗಟ್ಟಿ ಪದರ. ಒಮ್ಮೆ ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಅದರ ಅಡಿಯ ಹಳದಿ ಪದರ ತೋರಿ, ಕೊನೆಗೆ ಹಲ್ಲು ಮೊದಲಿಗಿಂತ ಹಳದಿಯಾಗುತ್ತದೆ.

ಸಂದು ಶುಚಿಮಾಡಲು ಎರಡು ಸಾಧನಗಳಿವೆ. ಹಲ್ಲುಗಳು ಒತ್ತಾಗಿದ್ದರೆ ಫ್ಲಾಸ್ ದಾರ. ವಸಡು ಇಳಿದು ಸಂದು ತೆರೆದಿದ್ದರೆ ಇಂಟರ್‌ಡೆಂಟಲ್ ಬ್ರಷ್ ಎಂದು ಮಾರುವ ತಂತಿಯ ಸಣ್ಣ ಬ್ರಷ್, ಅಂಥ ಕಡೆ ದಾರಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಅದರ ಅಳತೆ ಸರಿಯಿರಬೇಕು: ಎಳೆಗಳು ಎರಡೂ ಹಲ್ಲಿಗೆ ತಾಗಬೇಕು, ತಂತಿ ತಾಗಬಾರದು. ಒಬ್ಬರ ಬಾಯಿಗೇ ಎರಡು ಮೂರು ಅಳತೆ ಬೇಕಾಗುವುದು ಸಾಮಾನ್ಯ.

ಇವಲ್ಲದೆ ನಾಲಿಗೆ ಉಜ್ಜುವ ಪಟ್ಟಿ ಒಂದು. ಮೌತ್‌ವಾಶ್ ದಿನನಿತ್ಯದ ಪಟ್ಟಿಯಲ್ಲಿ ಇರಲೇಬೇಕೆಂದಿಲ್ಲ. ಅದು ಬ್ರಷ್ಷಿಗೆ ಬದಲಿಯಂತೂ ಅಲ್ಲವೇ ಅಲ್ಲ.

## ಹಂತ 3: ರಾತ್ರಿಯ ಕ್ರಮ

ಎರಡು ಸಲದಲ್ಲಿ ಒಂದನ್ನು ಬಿಡಲೇಬೇಕಾದ ದಿನ ಬಂದರೆ ಬೆಳಗಿನದನ್ನು ಬಿಡಿ, ರಾತ್ರಿಯದನ್ನು ಬಿಡಬೇಡಿ. ನಿದ್ದೆಯಲ್ಲಿ ಜೊಲ್ಲು ಬಹುತೇಕ ನಿಂತುಹೋಗುತ್ತದೆ. ಆಮ್ಲವನ್ನು ತಣಿಸುವುದು, ಹಲ್ಲಿಗೆ ಖನಿಜ ಮರಳಿಸುವುದು ಎರಡೂ ಜೊಲ್ಲಿನ ಕೆಲಸ. ಆ ಕಾವಲಿಲ್ಲದ ಏಳೆಂಟು ಗಂಟೆ ಬಾಯಲ್ಲಿ ಪಾಚಿ ಉಳಿಯಬಾರದು.

ಮೊದಲು ಸಂದು. ಸುಮಾರು 45 ಸೆಂಟಿಮೀಟರ್ ಫ್ಲಾಸ್ ತೆಗೆದುಕೊಳ್ಳಿ. ಎರಡೂ ಕೈಯ ನಡುಬೆರಳಿಗೆ ಸುತ್ತಿ, ನಡುವೆ ಎರಡು ಮೂರು ಸೆಂಟಿಮೀಟರ್ ಬಿಗಿಯಾಗಿ ಹಿಡಿಯಿರಿ. ಗರಗಸದಂತೆ ಹಿಂದೆ ಮುಂದೆ ಆಡಿಸುತ್ತಾ ನಿಧಾನಕ್ಕೆ ಇಳಿಸಿ. ಒಮ್ಮೆಲೇ ಒತ್ತಿದರೆ ದಾರ ಜಾರಿ ವಸಡನ್ನು ಕೊಯ್ಯುತ್ತದೆ. ಇಳಿದ ಮೇಲೆ ದಾರವನ್ನು ಒಂದು ಹಲ್ಲಿಗೆ ಅರ್ಧಚಂದ್ರದಂತೆ ತಬ್ಬಿಸಿ, ವಸಡಿನ ಅಂಚಿನ ಸ್ವಲ್ಪ ಒಳಗಿನವರೆಗೆ ಮೇಲಕ್ಕೂ ಕೆಳಕ್ಕೂ ನಾಲ್ಕೈದು ಸಲ ಎಳೆಯಿರಿ. ಅದೇ ಸಂದಿನ ಇನ್ನೊಂದು ಹಲ್ಲಿಗೂ ಹೀಗೇ ಮಾಡಿ. ಹೆಚ್ಚಿನವರು ಎಡವುವುದು ಇಲ್ಲೇ. ದಾರ ಒಳಹಾಕಿ ಹೊರತೆಗೆದರೆ ಸಿಕ್ಕಿಕೊಂಡ ಅನ್ನದ ಅಗುಳು ಬರಬಹುದು, ಹಲ್ಲಿಗಂಟಿದ ಪಾಚಿ ಬರುವುದಿಲ್ಲ.

ದಾರ ಒಂದೇ ಜಾಗದಲ್ಲಿ ಪದೇಪದೇ ಹರಿದರೆ ಅಲ್ಲಿ ಹುಳುಕೋ, ಒಡೆದ ಫಿಲ್ಲಿಂಗೋ, ಟಾರ್ಟರೋ ಇದೆ. ಹೊರತೆಗೆದ ದಾರ ಒಂದು ಜಾಗದ್ದು ಮಾತ್ರ ನಾತ ಬರುತ್ತಿದ್ದರೆ ಆ ಸಂದು ಬಹಳ ದಿನದಿಂದ ಶುಚಿ ಕಂಡಿಲ್ಲ. ಎರಡನ್ನೂ ನೆನಪಿಟ್ಟು ದಂತವೈದ್ಯರಿಗೆ ಹೇಳಿ.

ಆಮೇಲೆ ಬ್ರಷ್, ಕನಿಷ್ಠ ಎರಡು ನಿಮಿಷ. ಗಡಿಯಾರ ನೋಡಿಕೊಂಡು ಮಾಡಿ. ಅಂದಾಜಿಗೆ ಬಿಟ್ಟರೆ ಒಂದು ನಿಮಿಷವೂ ಆಗುವುದಿಲ್ಲ. ದೊಡ್ಡವರಿಗೆ ಬಟಾಣಿ ಕಾಳಿಗಿಂತ ಸ್ವಲ್ಪ ಹೆಚ್ಚು ಪೇಸ್ಟ್ ಸಾಕು. ಎಳೆಗಳನ್ನು 45 ಡಿಗ್ರಿ ಓರೆಯಾಗಿ, ಅರ್ಧ ವಸಡಿನ ಮೇಲೆ ಅರ್ಧ ಹಲ್ಲಿನ ಮೇಲೆ ಬರುವಂತೆ ಇಡಿ. ಅಲ್ಲಿಂದ ಕದಲಿಸದೆ ಎಳೆಗಳ ತುದಿ ಮಾತ್ರ ಅಲುಗುವಷ್ಟು ಪುಟ್ಟದಾಗಿ ನಡುಗಿಸಿ, ಹತ್ತು ಎಣಿಸಿ. ನಂತರ ವಸಡಿನಿಂದ ಹಲ್ಲಿನ ತುದಿಯ ಕಡೆಗೆ ಗುಡಿಸಿದಂತೆ ಎಳೆದು, ಮುಂದಿನ ಎರಡು ಹಲ್ಲಿಗೆ ಹೋಗಿ.

ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯದೆ ಪೆನ್ನಿನಂತೆ ಬೆರಳಲ್ಲಿ ಹಿಡಿದರೆ ಒತ್ತಡ ತಾನಾಗಿ ಕಡಿಮೆಯಾಗುತ್ತದೆ. ಅಡ್ಡಡ್ಡ ಎಳೆದು ತಿಕ್ಕುವವರ ಹಲ್ಲಿನ ಬುಡದಲ್ಲಿ, ಅದರಲ್ಲೂ ಕೋರೆಹಲ್ಲಿನ ಆಸುಪಾಸಿನಲ್ಲಿ, ಕೊಡಲಿ ಏಟಿನಂಥ ಕಚ್ಚು ಬೀಳುತ್ತದೆ. ಬಲಗೈಯವರಿಗೆ ಅದು ಎಡಬದಿಯಲ್ಲಿ ಹೆಚ್ಚು. ಎಲೆಕ್ಟ್ರಿಕ್ ಬ್ರಷ್ ಇದ್ದರೆ ತಿಕ್ಕುವುದೇ ಬೇಡ, ಹಲ್ಲಿನಿಂದ ಹಲ್ಲಿಗೆ ಸುಮ್ಮನೆ ಸಾಗಿಸಿ.

ಕ್ರಮ ಪ್ರತಿದಿನ ಒಂದೇ ಇರಲಿ: ಕೆಳಗಿನ ಒಳಬದಿ, ಮೇಲಿನ ಒಳಬದಿ, ನಂತರ ಹೊರಬದಿಗಳು, ಕೊನೆಗೆ ಅಗಿಯುವ ಮೇಲ್ಭಾಗ. ಕಷ್ಟದ ಜಾಗದಿಂದ ಶುರುಮಾಡಲು ಹೇಳುವುದಕ್ಕೆ ಕಾರಣವಿದೆ. ಎಲ್ಲರೂ ನಗುವಾಗ ಕಾಣುವ ಹಲ್ಲಿನಿಂದ ಶುರುಮಾಡುತ್ತಾರೆ, ಒಳಬದಿಗೆ ಬರುವಷ್ಟರಲ್ಲಿ ಬೇಸರ ಬಂದಿರುತ್ತದೆ. ಮುಂದಿನ ಹಲ್ಲುಗಳ ಒಳಬದಿಗೆ ಬ್ರಷ್ಷನ್ನು ನೆಟ್ಟಗೆ ನಿಲ್ಲಿಸಿ ತುದಿಯ ಎಳೆಗಳಿಂದ ಉಜ್ಜಿ. ಕೊನೆಯ ದವಡೆ ಹಲ್ಲಿನ ಹಿಂಬದಿಗೆ ಬಾಯಿ ಪೂರ್ತಿ ತೆರೆಯಬೇಡಿ, ಅರ್ಧ ಮುಚ್ಚಿ. ಆಗ ಕೆನ್ನೆ ಸಡಿಲವಾಗಿ ಬ್ರಷ್ಷಿಗೆ ಜಾಗವಾಗುತ್ತದೆ.

ನಾಲಿಗೆ. ಹಿಂಬದಿಯಿಂದ ಮುಂದಕ್ಕೆ ಹಗುರವಾಗಿ ನಾಲ್ಕೈದು ಎಳೆತ. ಓಕರಿಕೆ ಬಂದರೆ ಉಸಿರು ಹೊರಬಿಡುತ್ತಾ ಎಳೆಯಿರಿ.

ಉಗುಳಿ, ತೊಳೆಯಬೇಡಿ. ಇದನ್ನು ಒಪ್ಪಿಸುವುದು ಎಲ್ಲಕ್ಕಿಂತ ಕಷ್ಟ. ಉಜ್ಜಿದ ಮೇಲೆ ನೊರೆಯನ್ನು ಚೆನ್ನಾಗಿ ಉಗುಳಿ, ನೀರು ಹಾಕಿ ಮುಕ್ಕಳಿಸಬೇಡಿ. ಫ್ಲೋರೈಡ್ ಕೆಲಸ ಮಾಡುವುದು ಹಲ್ಲಿನ ಮೇಲೆ ಉಳಿದಾಗ. ಮೂರು ಬಾಯಿ ನೀರು ಹಾಕಿ ತೊಳೆದರೆ ಪೇಸ್ಟಿನ ಮುಖ್ಯ ಉಪಯೋಗವೇ ಚರಂಡಿಗೆ ಹೋಗುತ್ತದೆ. ಮೊದಮೊದಲು ಬಾಯಿ ಅಂಟಂಟು ಅನಿಸುತ್ತದೆ, ಒಂದು ವಾರದಲ್ಲಿ ಅಭ್ಯಾಸವಾಗುತ್ತದೆ. ಇದಾದ ಮೇಲೆ ಬೆಳಗಿನವರೆಗೆ ನೀರು ಬಿಟ್ಟು ಬೇರೇನೂ ಬಾಯಿಗೆ ಹೋಗಬಾರದು.

## ಹಂತ 4: ಸಿಹಿ ಮತ್ತು ಹುಳಿಯ ಹೊತ್ತು

ಎಷ್ಟು ಸಿಹಿ ತಿಂದಿರಿ ಎನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದಿರಿ ಎನ್ನುವುದೇ ಹಲ್ಲಿಗೆ ಮುಖ್ಯ. ಸಕ್ಕರೆ ಸಿಕ್ಕ ಕೆಲವೇ ನಿಮಿಷದಲ್ಲಿ ಪಾಚಿಯ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ. ಆಮ್ಲೀಯತೆಯ ಮಟ್ಟ, ಅಂದರೆ ಪಿಎಚ್, ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್‌ನಿಂದ ಖನಿಜ ಕರಗತೊಡಗುತ್ತದೆ. ಜೊಲ್ಲು ಅದನ್ನು ಸರಿಪಡಿಸಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಒಂದು ಲೋಟ ಸಿಹಿ ಪಾನೀಯವನ್ನು ಊಟದ ಜೊತೆ ಕುಡಿದು ಮುಗಿಸಿದರೆ ಒಂದೇ ದಾಳಿ. ಅದನ್ನೇ ಮೇಜಿನ ಮೇಲಿಟ್ಟುಕೊಂಡು ಮೂರು ಗಂಟೆ ಗುಟುಕು ಗುಟುಕಾಗಿ ಹೀರಿದರೆ ಮೂರು ಗಂಟೆಯೂ ಹಲ್ಲು ಕರಗುತ್ತಲೇ ಇರುತ್ತದೆ. ಆದ್ದರಿಂದ ಸಿಹಿ ಬೇಕೆಂದರೆ ಊಟದ ಜೊತೆಗೇ ತಿಂದು ಮುಗಿಸಿ. ಸಕ್ಕರೆ ಹಾಕಿದ ಚಹಾ, ಕೆಮ್ಮಿನ ಸಿರಪ್, ಚೀಪುವ ಗುಳಿಗೆ ಇವೂ ಲೆಕ್ಕಕ್ಕೆ ಬರುತ್ತವೆ.

ಹುಳಿ ಹಣ್ಣಿನ ರಸ, ಸೋಡಾ ಕುಡಿದ ಕೂಡಲೇ ಹಲ್ಲುಜ್ಜಬೇಡಿ. ಮೇಲ್ಪದರ ಆಗ ಮೆತ್ತಗಾಗಿರುತ್ತದೆ, ಬ್ರಷ್ ಅದನ್ನು ಸವೆಸುತ್ತದೆ. ನೀರಿನಿಂದ ಬಾಯಿ ಮುಕ್ಕಳಿಸಿ, ಒಂದು ಗಂಟೆ ಬಿಟ್ಟು ಉಜ್ಜಿ. ವಾಂತಿಯಾದಾಗಲೂ ಇದೇ ನಿಯಮ. ಗರ್ಭಿಣಿಯರಿಗೆ, ಆಮ್ಲ ಮೇಲೆ ಬರುವ ತೊಂದರೆ ಇರುವವರಿಗೆ ಇದು ಮುಖ್ಯ: ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ ಮುಕ್ಕಳಿಸಿದರೆ ಆಮ್ಲ ಬೇಗ ತಣಿಯುತ್ತದೆ.

## ಹಂತ 5: ವಸಡಿನಲ್ಲಿ ರಕ್ತ – 14 ದಿನದ ಕೆಲಸ

ಶುಚಿ ನಿಲ್ಲಿಸಿದರೆ ಆರೋಗ್ಯವಂತರ ವಸಡಿನಲ್ಲೂ ಎರಡು ಮೂರು ವಾರದೊಳಗೆ ಉರಿಯೂತ ಬರುತ್ತದೆ. ಶುಚಿ ಮತ್ತೆ ಶುರುವಾದರೆ ಒಂದೆರಡು ವಾರದಲ್ಲಿ ಇಳಿಯುತ್ತದೆ. ಈ ಹಂತದಲ್ಲಿ ಮೂಳೆಗೆ ಹಾನಿಯಾಗಿರುವುದಿಲ್ಲ, ಎಲ್ಲವೂ ಮೊದಲಿನಂತಾಗುತ್ತದೆ.

1. ರಕ್ತ ಬರುವ ಜಾಗವನ್ನೇ ಹುಡುಕಿ ಅಲ್ಲಿ ಹಗುರವಾಗಿ, ಆದರೆ ತಪ್ಪದೆ ಉಜ್ಜಿ. ಮೊದಲ ಮೂರು ನಾಲ್ಕು ದಿನ ರಕ್ತ ಹೆಚ್ಚಾದಂತೆ ಕಾಣಬಹುದು. ನಿಲ್ಲಿಸಬೇಡಿ.
2. ರಾತ್ರಿ ತಪ್ಪದೆ ಸಂದು ಶುಚಿ.
3. ನೋವಿದ್ದರೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ಎರಡು ಮೂರು ಸಲ ಮುಕ್ಕಳಿಸಿ. ಇದು ಹಿತ ಕೊಡುತ್ತದೆ, ಪಾಚಿ ತೆಗೆಯುವುದಿಲ್ಲ.
4. ವೈದ್ಯರು ಬ್ಯಾಕ್ಟೀರಿಯಾ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬರೆದಿದ್ದರೆ ಶೇ 0.2ರದ್ದನ್ನು 10 ಮಿಲಿ, ಒಂದು ನಿಮಿಷ, ದಿನಕ್ಕೆ ಎರಡು ಸಲ. ಹಲ್ಲುಜ್ಜಿದ ಕೂಡಲೇ ಬಳಸಬೇಡಿ. ಪೇಸ್ಟಿನ ನೊರೆ ಇದರ ಶಕ್ತಿಯನ್ನು ಕುಗ್ಗಿಸುತ್ತದೆ, ಕನಿಷ್ಠ ಅರ್ಧ ಗಂಟೆ ಅಂತರವಿರಲಿ. ಹೇಳಿದ ಅವಧಿ ಮೀರಿ, ಸಾಮಾನ್ಯವಾಗಿ ಎರಡು ವಾರ ಮೀರಿ, ಮುಂದುವರಿಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ, ನಾಲಿಗೆಯ ರುಚಿ ಕೆಡುತ್ತದೆ.

14 ದಿನ ಸರಿಯಾಗಿ ಮಾಡಿಯೂ ರಕ್ತ ನಿಲ್ಲದಿದ್ದರೆ ಟಾರ್ಟರ್ ವಸಡಿನ ಅಡಿಗೆ ಇಳಿದಿರಬಹುದು. ಅದಕ್ಕೆ ಸ್ಕೇಲಿಂಗ್, ಅಂದರೆ ದಂತವೈದ್ಯರು ಟಾರ್ಟರ್ ಕೆರೆದು ತೆಗೆಯುವ ಕ್ಲೀನಿಂಗ್, ಬೇಕು. ದಂತವೈದ್ಯರು ಅಳತೆಕಡ್ಡಿ ಇಟ್ಟು ಹಲ್ಲು ಮತ್ತು ವಸಡಿನ ನಡುವಿನ ಆಳ ನೋಡುತ್ತಾರೆ: 3 ಮಿಲಿಮೀಟರ್‌ವರೆಗೆ ಸರಿ, 4 ಅಥವಾ ಹೆಚ್ಚಿದ್ದರೆ ಅದು ಬ್ರಷ್ಷಿಗೆ ಎಟುಕದ ಗುಂಡಿ. ನಿಮ್ಮ ಅಳತೆ ಎಷ್ಟೆಂದು ಕೇಳಿ ಬರೆದಿಟ್ಟುಕೊಳ್ಳಿ.

"ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ" ಎಂಬ ಹೆದರಿಕೆಯಿಂದ ಹಲ್ಲು ಕಳೆದುಕೊಂಡವರು ಬಹಳ. ನಿಜವಾಗಿ ಆಗಿರುವುದೇನೆಂದರೆ, ಹಲ್ಲಿನ ಸುತ್ತಲಿನ ಮೂಳೆ ಮೊದಲೇ ಕರಗಿರುತ್ತದೆ, ಟಾರ್ಟರ್ ಗಾರೆಯಂತೆ ಹಲ್ಲುಗಳನ್ನು ಅಂಟಿಸಿ ಹಿಡಿದಿರುತ್ತದೆ. ಅದನ್ನು ತೆಗೆದಾಗ ಮುಚ್ಚಿಹೋಗಿದ್ದ ಸಂದು ಮತ್ತು ಅಲುಗಾಟ ಗೊತ್ತಾಗುತ್ತವೆ. ಹಾಗೇ ಬಿಟ್ಟರೆ ಮೂಳೆ ಇನ್ನಷ್ಟು ಕರಗಿ ಹಲ್ಲೇ ಉದುರುತ್ತದೆ. ಸ್ಕೇಲಿಂಗ್ ಆದಮೇಲೆ ಕೆಲವು ದಿನ ಜುಮ್ಮೆನ್ನುವುದು ಸಹಜ.

ಇಬ್ಬರು ವಿಶೇಷ ಎಚ್ಚರ ವಹಿಸಬೇಕು. ಧೂಮಪಾನಿಗಳ ವಸಡಿನ ರಕ್ತನಾಳಗಳು ಕುಗ್ಗಿರುವುದರಿಂದ ಕಾಯಿಲೆ ಜೋರಾಗಿದ್ದರೂ ರಕ್ತ ಬರದೆ ಇರಬಹುದು. ರಕ್ತವಿಲ್ಲ ಎಂದು ನೆಮ್ಮದಿಯಾಗಿರುವಂತಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಎರಡೂ ಒಂದನ್ನೊಂದು ಕೆಡಿಸುತ್ತವೆ: ಸಕ್ಕರೆ ಏರಿದರೆ ವಸಡು ಹಾಳಾಗುತ್ತದೆ, ವಸಡಿನ ಸೋಂಕು ಸಕ್ಕರೆಯನ್ನು ಹತೋಟಿಗೆ ಬರಲು ಬಿಡುವುದಿಲ್ಲ.

## ಹಂತ 6: ಹುಳುಕು ಎಲ್ಲಿಗೆ ಬಂದಿದೆ ಎಂದು ಗುರುತಿಸಿ

ಬಿಳಿ ಕಲೆ: ತೂತಿಲ್ಲ, ನೋವಿಲ್ಲ. ಹಂತ 3 ಮತ್ತು 4ನ್ನು ಕಟ್ಟುನಿಟ್ಟಾಗಿ ಪಾಲಿಸಿ, ದಂತವೈದ್ಯರಲ್ಲಿ ಫ್ಲೋರೈಡ್ ವಾರ್ನಿಷ್ ಹಚ್ಚಿಸಿಕೊಂಡರೆ ಇಲ್ಲೇ ನಿಲ್ಲಿಸಬಹುದು.

ತೂತು, ಸಿಹಿ ತಿಂದಾಗ ಕ್ಷಣಕಾಲ ಚುಳುಕು: ಫಿಲ್ಲಿಂಗ್ ಸಾಕು. ಎಲ್ಲಕ್ಕಿಂತ ಕಡಿಮೆ ಖರ್ಚು, ಕಡಿಮೆ ನೋವಿನ ಹೊತ್ತು ಇದೇ. ನೋವಿಲ್ಲವಲ್ಲ ಎಂದು ಮುಂದೂಡುವುದೂ ಈ ಹೊತ್ತಿನಲ್ಲೇ.

ತಣ್ಣನೆಯದು ತಾಗಿ ನೋವು ಬಂದು ನಿಮಿಷಗಟ್ಟಲೆ ಉಳಿಯುವುದು, ಬಿಸಿಗೆ ನೋವು, ಮಲಗಿದಾಗ ಸಿಡಿತ: ಹಲ್ಲಿನೊಳಗಿನ ನರ ಚೇತರಿಸಿಕೊಳ್ಳದಷ್ಟು ಕೆಟ್ಟಿದೆ. ರೂಟ್ ಕೆನಾಲ್, ಅಂದರೆ ಕೆಟ್ಟ ನರವನ್ನು ತೆಗೆದು ಬೇರಿನ ಒಳಗನ್ನು ಶುಚಿಮಾಡಿ ಮುಚ್ಚುವ ಚಿಕಿತ್ಸೆ, ಮಾಡಿಸಬೇಕು, ಇಲ್ಲವೇ ಹಲ್ಲು ಕೀಳಿಸಬೇಕು.

ಜೋರು ನೋವು ಒಂದು ದಿನ ತಾನಾಗಿ ನಿಂತುಹೋಗುವುದು: ಇದು ವಾಸಿಯಲ್ಲ. ನರ ಸತ್ತಿದೆ. ಸೋಂಕು ಸದ್ದಿಲ್ಲದೆ ಬೇರಿನ ತುದಿಗೆ ಇಳಿಯುತ್ತಿದೆ. ವಾರಗಳ ಅಥವಾ ತಿಂಗಳುಗಳ ನಂತರ ವಸಡಿನ ಮೇಲೆ ಕೀವಿನ ಗುಳ್ಳೆಯಾಗಿ ಕಾಣಿಸಿಕೊಳ್ಳುತ್ತದೆ. ಅದು ಒಡೆದು ಸೋರಿದರೆ ನೋವು ಕಡಿಮೆ, ಆದರೆ ಮೂಲ ಹಾಗೇ ಇರುತ್ತದೆ.

ದವಡೆ ಹಲ್ಲಿಗೆ ರೂಟ್ ಕೆನಾಲ್ ಆದಮೇಲೆ ಕ್ಯಾಪ್ ಹಾಕಿಸಲು ಹೇಳಿದ್ದರೆ ತಡಮಾಡಬೇಡಿ. ನೋವು ಹೋಯಿತು ಎಂದು ಬಿಟ್ಟವರ ಹಲ್ಲು ಅಗಿಯುವಾಗ ಉದ್ದಕ್ಕೆ ಸೀಳುತ್ತದೆ. ಸೀಳು ಬೇರಿಗೆ ಇಳಿದರೆ ಕೀಳದೆ ಗತಿಯಿಲ್ಲ.

## ಹಂತ 7: ರಾತ್ರಿ ಹಲ್ಲುನೋವು ಬಂದರೆ ಬೆಳಗಿನವರೆಗೆ

1. ಬೆಚ್ಚಗಿನ ನೀರಿನಿಂದ ಮುಕ್ಕಳಿಸಿ, ನೋಯುವ ಹಲ್ಲಿನ ಎರಡೂ ಬದಿಗೆ ಫ್ಲಾಸ್ ಹಾಕಿ. ಎಷ್ಟೋ ಸಲ ಸಿಕ್ಕಿಕೊಂಡ ಆಹಾರದ ತುಣುಕೇ ಕಾರಣವಾಗಿರುತ್ತದೆ.
2. ದೊಡ್ಡವರಿಗೆ ಐಬುಪ್ರೊಫೆನ್ 400 ಮಿಲಿಗ್ರಾಂ, ಊಟವಾದ ಮೇಲೆ, 6ರಿಂದ 8 ಗಂಟೆಗೊಮ್ಮೆ. ಸ್ವಂತವಾಗಿ ತೆಗೆದುಕೊಳ್ಳುವಾಗ ದಿನಕ್ಕೆ 1200 ಮಿಲಿಗ್ರಾಂ ಮೀರಬಾರದು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಹೃದಯದ ಕಾಯಿಲೆ, ನೋವಿನ ಮಾತ್ರೆಗೆ ಕೆರಳುವ ಉಬ್ಬಸ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಗರ್ಭಿಣಿಯರು ಇದನ್ನು ಮುಟ್ಟಬಾರದು. ಅವರಿಗೆ ಪ್ಯಾರಾಸಿಟಮಾಲ್ 500ರಿಂದ 1000 ಮಿಲಿಗ್ರಾಂ, 6 ಗಂಟೆಗೊಮ್ಮೆ, ದಿನಕ್ಕೆ 4000 ಮೀರದಂತೆ. ತೂಕ 50 ಕಿಲೊಗಿಂತ ಕಡಿಮೆಯಿದ್ದರೆ ಅಥವಾ ಯಕೃತ್ತಿನ ತೊಂದರೆಯಿದ್ದರೆ ಪ್ರಮಾಣವನ್ನು ವೈದ್ಯರೇ ಹೇಳಬೇಕು.
3. ಕೆನ್ನೆಗೆ ಹೊರಗಿನಿಂದ ಬಟ್ಟೆ ಸುತ್ತಿದ ಐಸ್, 10 ನಿಮಿಷ ಇಟ್ಟು 10 ನಿಮಿಷ ತೆಗೆಯಿರಿ. ಬಿಸಿ ಶಾಖ ಬೇಡ, ಊತ ಹೆಚ್ಚುತ್ತದೆ.
4. ತಲೆ ಎತ್ತರಕ್ಕಿಟ್ಟು ಮಲಗಿ. ಚಪ್ಪಟೆ ಮಲಗಿದರೆ ತಲೆಗೆ ರಕ್ತದ ಒತ್ತಡ ಏರಿ ಸಿಡಿತ ಜಾಸ್ತಿಯಾಗುತ್ತದೆ.

ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಪಕ್ಕ ಒತ್ತಿಟ್ಟುಕೊಳ್ಳಬೇಡಿ, ವಸಡು ಸುಟ್ಟು ಬೆಳ್ಳಗೆ ಸುಲಿಯುತ್ತದೆ. ಲವಂಗದ ಎಣ್ಣೆಯನ್ನು ಹತ್ತಿಯ ತುದಿಗೆ ಒಂದೇ ಹನಿ ಹಾಕಿ ತೂತಿನೊಳಗೆ ಮಾತ್ರ ತಾಗಿಸಬಹುದು. ವಸಡಿಗೆ ಸುರಿದರೆ ಅದೂ ಸುಡುತ್ತದೆ. ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ನುಂಗಬೇಡಿ. ನರದ ಉರಿಯೂತದ ನೋವಿಗೆ ಅದು ನಾಟುವುದಿಲ್ಲ. ಜ್ವರ, ಹರಡುವ ಊತ ಇದ್ದಾಗ ಮಾತ್ರ ವೈದ್ಯರು ಕೊಡುತ್ತಾರೆ, ಆಗಲೂ ಹಲ್ಲಿನ ಚಿಕಿತ್ಸೆ ಆಗಲೇಬೇಕು.

## ಹಂತ 8: ಜುಮ್ಮೆನ್ನುವುದು, ಬಾಯಿ ವಾಸನೆ, ಬಾಯಿ ಒಣಗುವುದು

ತಣ್ಣನೆಯದಕ್ಕೆ ಹಲವು ಹಲ್ಲು ಒಟ್ಟಿಗೆ ಜುಮ್ಮೆಂದು ಕೂಡಲೇ ನಿಂತರೆ ಅದು ಬಯಲಾದ ಬೇರಿನ ತೊಂದರೆ. ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟನ್ನು ದಿನಕ್ಕೆರಡು ಸಲ ಬಳಸಿ. ಪರಿಣಾಮಕ್ಕೆ ಎರಡರಿಂದ ನಾಲ್ಕು ವಾರ ಬೇಕು. ನಾಲ್ಕು ದಿನಕ್ಕೆ ಬಿಟ್ಟರೆ ಪ್ರಯೋಜನವಿಲ್ಲ. ರಾತ್ರಿ ಮಲಗುವಾಗ ಜುಮ್ಮೆನ್ನುವ ಜಾಗಕ್ಕೆ ಬೆರಳಿನಿಂದ ಚೂರು ಹಚ್ಚಿ ಹಾಗೇ ಬಿಡಿ. ಒಂದೇ ಹಲ್ಲು ಜುಮ್ಮೆಂದರೆ ಪೇಸ್ಟ್ ಹಚ್ಚಿ ಕಾಯಬೇಡಿ, ಅಲ್ಲಿ ಹುಳುಕು ಅಥವಾ ಬಿರುಕು ಇದೆಯೇ ಎಂದು ತೋರಿಸಿ.

ಬಾಯಿ ವಾಸನೆಯ ಮೂಲ ಹೆಚ್ಚಿನವರಲ್ಲಿ ಬಾಯಲ್ಲೇ ಇರುತ್ತದೆ, ಹೊಟ್ಟೆಯಲ್ಲಲ್ಲ. ನಾಲಿಗೆಯ ಹಿಂಬದಿ, ಸಂದು, ವಸಡಿನ ಗುಂಡಿ ಇವನ್ನು ಮೂರು ವಾರ ಶುಚಿಯಾಗಿಟ್ಟು ನೋಡಿ. ಕಟ್ಟಿಸಿದ ಹಲ್ಲುಸೆಟ್ ಇದ್ದರೆ ರಾತ್ರಿ ತೆಗೆದು, ಮೆತ್ತನೆ ಬ್ರಷ್ ಮತ್ತು ಸೋಪಿನಿಂದ ತೊಳೆದು, ನೀರಿನಲ್ಲಿ ಮುಳುಗಿಸಿಡಿ. ಕುದಿಯುವ ನೀರು ಹಾಕಿದರೆ ಸೆಟ್ ಸೊಟ್ಟಗಾಗುತ್ತದೆ.

ಅಲರ್ಜಿ, ಖಿನ್ನತೆ, ರಕ್ತದೊತ್ತಡದ ಹಲವು ಮಾತ್ರೆಗಳು ಜೊಲ್ಲನ್ನು ಕಡಿಮೆ ಮಾಡುತ್ತವೆ. ಅಂಥವರಲ್ಲಿ ವಸಡಿನ ಅಂಚಿನಲ್ಲಿ ಹುಳುಕು ಬಹಳ ಬೇಗ ಹರಡುತ್ತದೆ. ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಆಗಾಗ ಬರಿ ನೀರು ಗುಟುಕರಿಸಿ, ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಅಗಿಯಿರಿ, ಹೆಚ್ಚು ಫ್ಲೋರೈಡ್ ಬೇಕೇ ಎಂದು ದಂತವೈದ್ಯರನ್ನು ಕೇಳಿ. ಹುಳಿ ಪೆಪ್ಪರಮೆಂಟ್ ಚೀಪಿ ಬಾಯಿ ಒದ್ದೆ ಮಾಡಿಕೊಳ್ಳುವುದು ಎಲ್ಲಕ್ಕಿಂತ ಕೆಟ್ಟ ಉಪಾಯ.

## ಹಂತ 9: ಹುಣ್ಣು ಮತ್ತು ಕಲೆ – ತಾರೀಖು ನೋಡಿ

ಸಾಮಾನ್ಯ ಬಾಯಿಹುಣ್ಣು ಚಿಕ್ಕದು, ದುಂಡಗಿರುತ್ತದೆ, ತುಂಬಾ ಉರಿಯುತ್ತದೆ, ಒಂದೆರಡು ವಾರದಲ್ಲಿ ಮಾಯುತ್ತದೆ. ಒಂದೇ ಜಾಗದಲ್ಲಿ ಮರಳಿ ಮರಳಿ ಬಂದರೆ ಚೂಪಾದ ಹಲ್ಲು ತಾಗುತ್ತಿದೆಯೇ ನೋಡಿ. ಬೇರೆಬೇರೆ ಕಡೆ ಪದೇಪದೇ ಬಂದರೆ ಕಬ್ಬಿಣ, ಬಿ12 ಕೊರತೆಯ ರಕ್ತಪರೀಕ್ಷೆ ಮಾಡಿಸಿ.

ಮೂರು ವಾರ ಕಳೆದರೂ ಮಾಯದ ಹುಣ್ಣು, ಒರೆಸಿದರೆ ಹೋಗದ ಬಿಳಿ ಅಥವಾ ಕೆಂಪು ಪಟ್ಟೆ, ಗಟ್ಟಿ ಗಂಟು, ಕಾರಣವಿಲ್ಲದ ಮರಗಟ್ಟುವಿಕೆ, ಬಾಯಿ ತೆರೆಯುವುದು ದಿನೇದಿನೇ ಕಿರಿದಾಗುವುದು – ಇವುಗಳಲ್ಲಿ ಯಾವುದಿದ್ದರೂ ಪರೀಕ್ಷೆ ಮಾಡಿಸಲೇಬೇಕು. ಬಾಯಿಯ ಕ್ಯಾನ್ಸರ್ ಮೊದಮೊದಲು ಹೆಚ್ಚಾಗಿ ನೋಯುವುದಿಲ್ಲ. ನೋವಿಲ್ಲ ಎಂಬುದು ಸಮಾಧಾನದ ಗುರುತಲ್ಲ. ತಂಬಾಕು ಸೇದುವವರು, ತಂಬಾಕು ಅಥವಾ ಅಡಿಕೆ ಅಗಿಯುವವರು ತಿಂಗಳಿಗೊಮ್ಮೆ ಹಂತ 1ರ ಪರೀಕ್ಷೆಯನ್ನು ತಪ್ಪಿಸಬೇಡಿ. ತಂಬಾಕಿಲ್ಲದ ಬರಿ ಅಡಿಕೆಯೂ ಕ್ಯಾನ್ಸರ್ ತರುತ್ತದೆ.

## ಹಂತ 10: ಮಕ್ಕಳ ಹಲ್ಲು

ಮೊದಲ ಹಲ್ಲು ಮೂಡಿದ ದಿನದಿಂದ ಬ್ರಷ್ ಶುರು. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್. ಈ ಅಳತೆ ಮೀರಬೇಡಿ, ಚಿಕ್ಕ ಮಕ್ಕಳು ಅದನ್ನು ನುಂಗುತ್ತಾರೆ. ಕುಡಿಯುವ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಕಡೆ ದಂತವೈದ್ಯರನ್ನು ಕೇಳಿ ಮುಂದುವರಿಯಿರಿ.

ಮಗು ತಾನೇ ಉಜ್ಜುತ್ತೇನೆ ಎಂದರೆ ಉಜ್ಜಲಿ, ಆಮೇಲೆ ನೀವೊಮ್ಮೆ ಉಜ್ಜಿ. ಏಳೆಂಟು ವರ್ಷದವರೆಗೆ ಮಗುವಿನ ಕೈಗೆ ಈ ನಾಜೂಕಿನ ಕೆಲಸ ಒಗ್ಗುವುದಿಲ್ಲ. ಮಗುವಿನ ಹಿಂದೆ ನಿಂತು, ತಲೆಯನ್ನು ನಿಮ್ಮ ಎದೆಗೆ ಒರಗಿಸಿಕೊಂಡರೆ ಬಾಯಿ ಚೆನ್ನಾಗಿ ಕಾಣುತ್ತದೆ. ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗುವ ಅಭ್ಯಾಸ ಬಿಡಿಸಿ. ಮೇಲಿನ ಮುಂದಿನ ನಾಲ್ಕು ಹಲ್ಲು ಮೊದಲು ಹೋಗುವುದು ಅದರಿಂದಲೇ.

ಆರನೇ ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಒಂದು ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಹುಟ್ಟುವುದರಿಂದ ಅದನ್ನೂ ಹಾಲುಹಲ್ಲೆಂದು ತಿಳಿದು ಕೈಬಿಡುತ್ತಾರೆ. ಅದು ಜೀವಮಾನದ ಹಲ್ಲು, ಇನ್ನೊಂದು ಬರುವುದಿಲ್ಲ. ಅದು ಪೂರ್ತಿ ಮೇಲೆದ್ದ ಕೂಡಲೇ ಗೀರುಗಳನ್ನು ಮುಚ್ಚುವ ಸೀಲಂಟ್ ಹಾಕಿಸಿ. ಹೇಗೂ ಬೀಳುವ ಹಲ್ಲೆಂದು ಹಾಲುಹಲ್ಲಿನ ಹುಳುಕನ್ನೂ ಬಿಡಬೇಡಿ. ಹೊತ್ತಿಗೆ ಮೊದಲೇ ಕಿತ್ತರೆ ಪಕ್ಕದ ಹಲ್ಲುಗಳು ಜರುಗಿ, ಹೊಸದಕ್ಕೆ ಜಾಗವಿಲ್ಲದೆ ವಕ್ರವಾಗುತ್ತದೆ.

## ಹಂತ 11: ಹಲ್ಲು ಕೀಳಿಸಿದ ಮೇಲೆ ಮೂರು ದಿನ

ಇಟ್ಟ ಹತ್ತಿಯನ್ನು 30ರಿಂದ 45 ನಿಮಿಷ ಗಟ್ಟಿಯಾಗಿ ಕಚ್ಚಿ ಹಿಡಿಯಿರಿ, ಎತ್ತೆತ್ತಿ ನೋಡಬೇಡಿ. ಮೊದಲ 24 ಗಂಟೆ ಮುಕ್ಕಳಿಸುವುದು, ಉಗುಳುವುದು, ಸ್ಟ್ರಾದಿಂದ ಹೀರುವುದು, ಧೂಮಪಾನ ಯಾವುದೂ ಬೇಡ. ಗುಂಡಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯದ ಮುಚ್ಚಳ, ಅದು ಕಿತ್ತುಬಂದರೆ ಮೂಳೆ ಬಯಲಾಗುತ್ತದೆ. ಎರಡನೇ ದಿನದಿಂದ ಉಪ್ಪುನೀರನ್ನು ಬಾಯಲ್ಲಿ ಹಿಡಿದು ಹಾಗೇ ಸುರಿದುಬಿಡಿ. ಕಡಿಮೆಯಾಗುತ್ತಿದ್ದ ನೋವು ಮೂರನೇ ದಿನದ ಸುಮಾರಿಗೆ ಕಿವಿಗೆ ಹೊಡೆಯುವಷ್ಟು ಜೋರಾಗಿ, ಕೆಟ್ಟ ವಾಸನೆ ಬಂದರೆ ಮುಚ್ಚಳ ಹೋಗಿದೆ ಎಂದರ್ಥ. ದಂತವೈದ್ಯರ ಬಳಿ ಮರಳಿ ಹೋದರೆ ಗುಂಡಿಗೆ ಔಷಧಿ ಇಟ್ಟು ನೋವು ನಿಲ್ಲಿಸುತ್ತಾರೆ.

ಕೀಳಿಸುವ ಮೊದಲೇ ಹೇಳಬೇಕಾದ್ದು: ರಕ್ತ ತೆಳುವಾಗಿಸುವ ಮಾತ್ರೆ, ಮೂಳೆಸವೆತಕ್ಕೆ ತೆಗೆದುಕೊಳ್ಳುವ ಮಾತ್ರೆ ಅಥವಾ ಚುಚ್ಚುಮದ್ದು, ಕೃತಕ ಹೃದಯ ಕವಾಟ, ಸಕ್ಕರೆ ಕಾಯಿಲೆ, ಗರ್ಭ.

## ಹಂತ 12: ಗಂಟೆಗಳ ಲೆಕ್ಕದಲ್ಲಿ ಓಡಬೇಕಾದ ಹೊತ್ತು

ಹಲ್ಲಿನ ಸೋಂಕಿನಿಂದ ಪ್ರಾಣಕ್ಕೆ ಅಪಾಯವಾಗುವುದುಂಟು. ಊತ ಕಣ್ಣಿನ ಕಡೆಗೋ ಕುತ್ತಿಗೆಗೋ ಹರಡುವುದು, ನಾಲಿಗೆಯ ಅಡಿ ಗಟ್ಟಿಯಾಗಿ ಉಬ್ಬಿ ನಾಲಿಗೆಯನ್ನು ಮೇಲೆತ್ತುವುದು, ಉಗುಳು ನುಂಗಲಾಗದೆ ಸುರಿಯುವುದು, ದನಿ ಗೊಗ್ಗರಾಗುವುದು, ಬಾಯಿ ಎರಡು ಬೆರಳಿನಷ್ಟೂ ತೆರೆಯದಿರುವುದು, ಊತದ ಜೊತೆ ಜ್ವರ, ಉಸಿರಿಗೆ ಕಷ್ಟ. ಇವುಗಳಲ್ಲಿ ಒಂದು ಕಂಡರೂ ದಂತ ಕ್ಲಿನಿಕ್ ತೆರೆಯಲಿ ಎಂದು ಕಾಯಬೇಡಿ, ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಬಿದ್ದೋ ಪೆಟ್ಟು ತಗಲಿಯೋ ಶಾಶ್ವತ ಹಲ್ಲು ಬೇರುಸಮೇತ ಕಿತ್ತುಬಂದರೆ ಅದನ್ನು ಮತ್ತೆ ಕೂರಿಸಬಹುದು.

1. ಹಲ್ಲನ್ನು ಹುಡುಕಿ, ಬಿಳಿಯ ಮೇಲ್ಭಾಗವನ್ನೇ ಹಿಡಿಯಿರಿ. ಬೇರನ್ನು ಮುಟ್ಟಬೇಡಿ, ಒರೆಸಬೇಡಿ, ತಿಕ್ಕಬೇಡಿ. ಹಲ್ಲನ್ನು ಮೂಳೆಗೆ ಮತ್ತೆ ಬೆಸೆಯುವ ಜೀವಕೋಶಗಳು ಅಲ್ಲಿವೆ.
2. ಮಣ್ಣಾಗಿದ್ದರೆ ಹಾಲಿನಲ್ಲಿ, ಇಲ್ಲವೇ ತಣ್ಣೀರಿನಲ್ಲಿ ಹತ್ತು ಸೆಕೆಂಡಿನೊಳಗೆ ಅದ್ದಿ ತೆಗೆಯಿರಿ.
3. ಪೆಟ್ಟಾದವರಿಗೆ ಪ್ರಜ್ಞೆ ಚೆನ್ನಾಗಿದ್ದರೆ ಪಕ್ಕದ ಹಲ್ಲು ನೋಡಿ, ಮುಖ ಸರಿಯಾಗಿ ತಿರುಗಿಸಿ, ಗುಂಡಿಯೊಳಗೆ ಮೆಲ್ಲಗೆ ಒತ್ತಿ ಕೂರಿಸಿ. ಬಟ್ಟೆ ಕಚ್ಚಿ ಹಿಡಿಯಲು ಹೇಳಿ.
4. ಆಗದಿದ್ದರೆ ಹಲ್ಲನ್ನು ತಣ್ಣನೆ ಹಾಲಿನಲ್ಲಿ ಮುಳುಗಿಸಿ ಒಯ್ಯಿರಿ. ಹಾಲಿಲ್ಲದಿದ್ದರೆ ಪೆಟ್ಟಾದವರ ಜೊಲ್ಲನ್ನೇ ಬಟ್ಟಲಿಗೆ ಉಗುಳಿಸಿ ಅದರಲ್ಲಿಡಿ. ಬರಿ ನೀರಿನಲ್ಲಿ ಇಟ್ಟರೆ ಬೇರಿನ ಜೀವಕೋಶಗಳು ಒಡೆಯುತ್ತವೆ, ಕಾಗದದಲ್ಲಿ ಸುತ್ತಿದರೆ ಒಣಗಿ ಸಾಯುತ್ತವೆ.
5. ಅರ್ಧ ಗಂಟೆಯೊಳಗೆ ದಂತವೈದ್ಯರ ಬಳಿ ಇದ್ದರೆ ಹಲ್ಲು ಉಳಿಯುವ ಸಾಧ್ಯತೆ ಹೆಚ್ಚು. ಒಣಗಿದ ಹಲ್ಲು ಒಂದು ಗಂಟೆ ದಾಟಿದರೆ ಸಾಧ್ಯತೆ ತೀರ ಕಡಿಮೆ. ಆದರೂ ಎಸೆಯದೆ ತೆಗೆದುಕೊಂಡು ಹೋಗಿ.

ಹಾಲುಹಲ್ಲು ಕಿತ್ತುಬಂದಿದ್ದರೆ ಮಾತ್ರ ಮತ್ತೆ ಕೂರಿಸಬೇಡಿ, ಅಡಿಯಲ್ಲಿ ಬೆಳೆಯುತ್ತಿರುವ ಹೊಸ ಹಲ್ಲಿಗೆ ಪೆಟ್ಟಾಗುತ್ತದೆ. ರಕ್ತ ನಿಲ್ಲಿಸಿ, ಕಿತ್ತ ಹಲ್ಲನ್ನು ಜೊತೆಗೆ ಒಯ್ಯಿರಿ. ಹಲ್ಲು ಸಿಗದಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಅದು ಶ್ವಾಸನಾಳಕ್ಕೆ ಹೋಗಿಲ್ಲ ಎಂಬುದನ್ನು ಅವರು ಖಚಿತಪಡಿಸಿಕೊಳ್ಳಬೇಕಾಗುತ್ತದೆ.